ದುರ್ಗದ ಹಗೇವು

ಮದ್ದೂರಿಗೂ ಮಳವಳ್ಳಿಗೂ ನಡುವೆ ಇದ್ದಿಲ ಬಸ್ಸು ಓಡಾಡುತ್ತಿದ್ದ ಕಾಲದ ಮಾತಿದು. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿದೆ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ನಮಗೆ ಅದು ತಿಳಿಯುತ್ತಿದ್ದದ್ದು ಸೀಮೆಎಣ್ಣೆ ಸಿಗದೆ ದೀಪ ಬೇಗ ಆರಿಸಿದಾಗ, ಇಲ್ಲವೇ ಪೆಟ್ರೋಲಿಲ್ಲದ ಬಸ್ಸಿನ ಬೆನ್ನಿಗೆ ಕಟ್ಟಿದ್ದ ದೊಡ್ಡ ಒಲೆಗೆ ಕ್ಲೀನರು ಇದ್ದಿಲು ಸುರಿದು, ಮುಖವೆಲ್ಲ ಮಸಿ ಮಾಡಿಕೊಂಡು ಗಾಳಿಚಕ್ರ ತಿರುಗಿಸುವಾಗ. ಆ ಹೊಗೆಯ ವಾಸನೆ ಕುಡಿಯಲೆಂದೇ ನಾವು ಬಸ್ಸಿನ ಹಿಂದೆ ಓಡುತ್ತಿದ್ದೆವು. ಏರು ಬಂದರೆ ಬಸ್ಸು ನಿಲ್ಲುತ್ತಿತ್ತು, ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. ನಮಗದೇ ಹಬ್ಬ.

ನಮ್ಮೂರು ಹುಣಸೆಪಾಳ್ಯ, ಆ ರಸ್ತೆಯಿಂದ ಒಳಕ್ಕೆ. ಊರಿಗೆ ಒತ್ತಿಕೊಂಡೇ ಬಂಡೆಯ ಬೆಟ್ಟ, ಅದರ ನೆತ್ತಿಯ ಮೇಲೆ ಹಾಳು ಕೋಟೆ. ಅದಕ್ಕೆ ನಾವು ದುರ್ಗ ಎಂದಷ್ಟೇ ಹೇಳುತ್ತಿದ್ದೆವು. ಮುರಿದ ಎರಡು ಬಾಗಿಲು, ಹೂಳು ತುಂಬಿದ ಒಂದು ಕೊಳ, ಮುಳ್ಳುಪೊದೆಯೊಳಗೆ ಮುಳುಗಿದ ಗೋಡೆಗಳು. ಯಾರೋ ಪಾಳೇಗಾರ ಕಟ್ಟಿದ್ದಂತೆ. ಅವನ ಹೆಸರು ಏನೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ದುರ್ಗದಿಂದ ನಮಗೆ ಬೇಕಾಗಿದ್ದದ್ದು ಬಿಲ್ಲೆ. ಮಳೆ ಹೊಯ್ದ ಮೇಲೆ ಅಲ್ಲಿಯ ಮಣ್ಣಿನಿಂದ ಮಡಕೆ ಚೂರುಗಳು ತಾವಾಗಿಯೇ ಎದ್ದು ಬರುತ್ತಿದ್ದವು. ಊರಿನ ಒಡಕು ಮಡಕೆಯ ಚೂರಿಗಿಂತ ಅವು ನುಣುಪು. ಒಳಗಡೆ ಕಪ್ಪು, ಹೊರಗಡೆ ಕೆಂಪು, ಉಜ್ಜಿದರೆ ಹೊಸ ಚರ್ಮದ ಹಾಗೆ ಹೊಳಪು. ಅಂಚು ತೇಯ್ದು ದುಂಡಗೆ ಮಾಡಿದರೆ ಕುಂಟೆಬಿಲ್ಲೆ ಆಟಕ್ಕೆ ಅದರಂಥ ಬಿಲ್ಲೆ ಇಲ್ಲ. ನನ್ನ ಹತ್ತಿರವೂ ಪಕ್ಕದ ಮನೆಯ ದೇವಿಯ ಹತ್ತಿರವೂ ಲಂಗದ ತುಂಬ ಇದ್ದವು.

ನನ್ನನ್ನು ಬೆಳೆಸಿದ್ದು ಅಜ್ಜಿ, ಅಪ್ಪನ ತಾಯಿ. ಅಪ್ಪ ಅರ್ಧ ವರ್ಷ ಕಬ್ಬಿನ ಗಾಡಿ ಕಟ್ಟಿಕೊಂಡು ಮಂಡ್ಯದ ದಾರಿಯಲ್ಲೇ ಇರುತ್ತಿದ್ದ. ಅವ್ವನಿಗೆ ಕೈಗೂಸು, ನನ್ನ ತಮ್ಮ. ಅಜ್ಜಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬರಿಗೈ, ಬರಿಹಣೆ. ಮನೆಯ ರಾಗಿಯೆಲ್ಲ ಅವಳ ಸುಪರ್ದು. ಹಿತ್ತಲಲ್ಲಿ ನಮ್ಮದೊಂದು ಹಗೇವು ಇತ್ತು. ಈಗಿನವರಿಗೆ ಹೇಳಬೇಕು: ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ, ಒಳಗೆ ಗುಡಾಣದ ಹಾಗೆ. ಅದರಲ್ಲಿಟ್ಟ ರಾಗಿ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ನಮ್ಮೂರಲ್ಲಿ ಹಾಗೆ ಇಳಿದು ಮೇಲೆ ಬಾರದವರೂ ಇದ್ದರು. ಆ ವರ್ಷ ಲೆವಿಗೆಂದು ಸರ್ಕಾರದವರು ರಾಗಿ ಅಳೆಸಿಕೊಂಡು ಹೋದ ಮೇಲೆ ನಮ್ಮ ಹಗೇವು ತಳ ಕಂಡಿತ್ತು. ಮುದ್ದೆಗಳು ಸಣ್ಣವಾಗಿದ್ದವು. ಸಾರಿಗೆ ಮಾತ್ರ ಬರವಿರಲಿಲ್ಲ, ಅವರೆಕಾಯಿಯ ಕಾಲ. ಬೀದಿಗೆ ಬೀದಿಯೇ ಅವರೆ ಸೊಗಡಿನಿಂದ ಘಮಗುಟ್ಟುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ, ನಾನು, ದೇವಿ ಸೀಗೆಕಾಯಿ ಕೀಳಲು ದುರ್ಗ ಹತ್ತಿದೆವು. ಎರಡನೆಯ ಬಾಗಿಲು ದಾಟಿದರೆ ಒಂದು ಬಯಲು, ಅದರಾಚೆ ಸೀಗೆಮೆಳೆ. ಅಜ್ಜಿ ಕೊಕ್ಕೆ ಕಟ್ಟಿದ ದೋಟಿಯಲ್ಲಿ ಜಗ್ಗುತ್ತಿದ್ದಳು, ನಾವು ಆರಿಸುತ್ತಿದ್ದೆವು. ಒಂದು ಗೊಂಚಲು ಆಚೆ ಬಿದ್ದಿತೆಂದು ನಾನು ಓಡಿದೆ. ಹುಲ್ಲಿನ ಮೇಲೆ ಕಾಲಿಟ್ಟೆ. ಕಾಲ ಕೆಳಗಿನ ನೆಲ ಸುಮ್ಮನೆ ಕೆಳಗಿಳಿಯಿತು.

ಬಿದ್ದದ್ದು ನೆನಪಿಲ್ಲ. ಮೆತ್ತಗಿನ ಮಣ್ಣಿನ ಗುಪ್ಪೆಯ ಮೇಲೆ ಕುಕ್ಕರಿಸಿಕೊಂಡಿದ್ದೆ, ಮೇಲೆ ಒಂದು ಬಿಳಿಯ ತೂತು. ನನ್ನ ಜೊತೆಯಲ್ಲೇ ಬಿದ್ದ ಮಣ್ಣು ಇನ್ನೂ ಸರಸರ ಜಾರುತ್ತಿತ್ತು. ಒಂದು ಪಾದ ನೋಯುತ್ತಿತ್ತು. ಅಳಲು ಬಾಯಿ ತೆಗೆಯುವ ಹೊತ್ತಿಗೆ ಆ ತೂತಿನಲ್ಲಿ ಅಜ್ಜಿಯ ತಲೆ ಕಾಣಿಸಿತು. ಅವಳು ಅಳಲಿಲ್ಲ, ಕೂಗಲೂ ಇಲ್ಲ. ಒಂದು ಸಲ ಒಳಗೆ ನೋಡಿದಳು, ಅದು ಎಂಥ ಗುಂಡಿ ಎಂದು ಅವಳಿಗೆ ಗೊತ್ತಾಗಿಹೋಯಿತು. ದೇವಿಗೆ ಊರಿಗೆ ಓಡಿ ಬಾವಿಯ ಹಗ್ಗದೊಂದಿಗೆ ನನ್ನ ಚಿಕ್ಕಪ್ಪನನ್ನು ಕರೆತರಲು ಹೇಳಿದಳು. ಆಮೇಲೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಮುಖವನ್ನು ಗುಂಡಿಯ ಬಾಯೊಳಗಿಟ್ಟು ಮಾತಾಡಿದಳು.

"ಮಗಾ, ಕೂರ್ಬ್ಯಾಡ. ಎದ್ದು ನಿಂತ್ಕೊ. ಕೆಟ್ಟ ಗಾಳಿ ತಳ್ದಲ್ಲಿರ್ತದೆ."

ನಾನು ಒಂಟಿ ಕಾಲಿನ ಮೇಲೆ ನಿಂತೆ.

"ಇನ್ನು ಬಾಯ್ ಮುಚ್ಬ್ಯಾಡ. ಅಲ್ಲಿ ಏನೇನದೆ ಎಲ್ಲಾನೂವೆ ಯೋಳ್ತಾ ಇರು."

ನಿದ್ದೆ ಬಂದ ಹಾಗಾಗಿ ಮಾತು ನಿಂತರೆ ನನ್ನ ಕಥೆ ಮುಗಿಯಿತೆಂದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಜ್ಜಿ ಯಾವತ್ತೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವಳಲ್ಲ. ನಾನು ಹೇಳತೊಡಗಿದೆ. ಏನೂ ಕಾಣಿಸುವುದಿಲ್ಲ ಎಂದೆ. ಕೈ ಹಾಕಿ ನೋಡು, ಗೋಡೆ ಹೇಗಿದೆ ಎಂದು ಕೇಳಿದಳು. ಮಡಕೆಯ ಹಾಗೆ ಗಟ್ಟಿಯಾಗಿದೆ, ನಮ್ಮ ಹಗೇವಿನ ಹಾಗೆ ಪುಡಿ ಉದುರುವುದಿಲ್ಲ ಎಂದೆ. ಕಣ್ಣು ಪಳಗಿದ ಹಾಗೆ ಗೋಡೆ ದುಂಡಗೆ ಸುತ್ತಿಕೊಂಡು ಹೋಗಿರುವುದು ಕಂಡಿತು. ನಮ್ಮ ಮನೆಯ ನಡುಮನೆಯಷ್ಟು ಅಗಲ. ಗೋಡೆಯ ತುಂಬ ಬೆರಳಿನಲ್ಲಿ ಬಳಿದ ಗೀರು. ನನ್ನ ಬೆರಳುಗಳನ್ನು ಆ ಗೀರುಗಳಲ್ಲಿಟ್ಟು ಎಳೆದೆ, ಸರಿಯಾಗಿ ಕೂತವು. ಯಾರೋ ಈಗತಾನೆ ಮಣ್ಣು ಮೆತ್ತಿ ಕೈ ತೊಳೆಯಲು ಹೋಗಿದ್ದಾರೆ ಅನ್ನಿಸಿತು. ನನಗೆ ಆಗ ಹೆದರಿಕೆ ಹೋಯಿತು. ಇಷ್ಟು ವರ್ಷವಾದರೂ ಅದು ಯಾಕೆಂದು ನನಗೆ ತಿಳಿದಿಲ್ಲ. ಒಬ್ಬಳೇ ಇದ್ದೇನೆ ಅನ್ನಿಸಲಿಲ್ಲ, ಅಷ್ಟೇ.

ಕಾಲ ಕೆಳಗೆ ಏನಿದೆ ಎಂದು ಅಜ್ಜಿ ಕೇಳಿದಳು. ಬಗ್ಗಿ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದೆ. ಮಣ್ಣಲ್ಲ, ಕಾಳು. ಇದ್ದಿಲಿಗಿಂತ ಕಪ್ಪು, ಹಿಸುಕಿದರೆ ಮಸಿ. ಮೂಸಿದೆ. ಕಮಟು ವಾಸನೆಯ ಒಳಗೆಲ್ಲೋ, ಹುರಿಯುವಾಗ ಸೀದುಹೋದ ರಾಗಿಯ ವಾಸನೆ ಇತ್ತು, ಅಥವಾ ಹಾಗೆಂದು ನನಗೆ ಅನ್ನಿಸಿತು.

"ರಾಗಿ ಕಣಜ್ಜಿ," ಎಂದೆ. "ಸೀದೋಗದೆ."

ಆಮೇಲೆ ಅಜ್ಜಿ, ಇನ್ನೇನಿದೆ ಹೇಳು ಎಂದಳು.

ಚಿಕ್ಕಪ್ಪ ನಾಲ್ಕು ಜನರೊಂದಿಗೆ ಏದುಸಿರು ಬಿಡುತ್ತ ಬಂದ. ನಾನು ಮಾತಾಡುತ್ತಿದ್ದರೂ ಅಜ್ಜಿ ಅವನನ್ನು ಹಾಗೇ ಇಳಿಯಗೊಡಲಿಲ್ಲ. ಮೊದಲು ಲಾಟೀನು ಇಳಿಯಿತು. ಹಗ್ಗದ ತುದಿಯಲ್ಲಿ ತೂಗಾಡುತ್ತ ಬಂದ ಆ ಸಣ್ಣ ಬೆಳಕು ಗೋಡೆಯನ್ನೆಲ್ಲ ಕೆಂಪಗೆ ಮಾಡಿತು. ಸುಟ್ಟ ಇಟ್ಟಿಗೆಯ ಕೆಂಪು. ಉರಿ ಆರಲಿಲ್ಲ. ಚಿಕ್ಕಪ್ಪ ಇಳಿದು ನನ್ನನ್ನು ಕಟ್ಟಿ ಮೇಲೆ ಕಳಿಸಿದ. ಅಜ್ಜಿ ನನ್ನನ್ನು ಎತ್ತಿಕೊಂಡಳು. ಅವಳ ಎದೆ ಹೊಡೆದುಕೊಳ್ಳುತ್ತಿದ್ದ ರೀತಿಗೆ ನನಗೆ ಆಗ ಅಳು ಬಂತು. ದುರ್ಗದಿಂದ ಇಳಿಯುವವರೆಗೂ ನಿಲ್ಲಲಿಲ್ಲ.

ಮಾರನೆಯ ದಿನದಿಂದ ಊರಲ್ಲಿ ಅದೇ ಮಾತು. ಕಾಳಿನ ಕೆಳಗೆ ನಿಧಿ ಇದೆ, ಪಾಳೇಗಾರ ಹೂತು ಮೇಲೆ ರಾಗಿ ಸುರಿದಿದ್ದಾನೆ ಎಂದು ಕೆಲವರು ಲೆಕ್ಕ ಹಾಕಿದರು. ಹಸಿವಿನ ವರ್ಷ, ಆಸೆ ಪಡಬಾರದು ಎನ್ನುವುದು ಹೇಗೆ? ಚಿಕ್ಕಪ್ಪನೂ ಅವರ ಜೊತೆ ಸೇರಿದ. ಒಳಗಿಳಿದು ಬಂದವನು ಅವನೊಬ್ಬನೇ ಆದ್ದರಿಂದ ಅವನ ಮಾತಿಗೆ ತೂಕ ಬಂದಿತ್ತು. ಕೋಳಿ ಕೊಯ್ದು ಹಗೇವು ಅಗೆಯುವುದೆಂದು ತೀರ್ಮಾನವಾಯಿತು. ಅವರು ಹಾರೆ ಗುದ್ದಲಿ ಹೊತ್ತು ದುರ್ಗ ಹತ್ತಿದಾಗ, ಅಜ್ಜಿ ಆಗಲೇ ಅಲ್ಲಿ, ನನ್ನನ್ನು ಎತ್ತಿದ ದಿನ ಹಗೇವಿನ ಬಾಯಿಗೆ ಎಳೆದಿದ್ದ ಚಪ್ಪಡಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.

ಚಿಕ್ಕಪ್ಪ ಏಳು ಎಂದ. ಅಜ್ಜಿ ಏಳಲಿಲ್ಲ.

"ಅದು ಯಾರೋ ಮಕ್ಕಳೊಂದಿಗ್ರು ಬಾಳಾಟಕ್ಕೆ ಅಂತ ಇಕ್ಕಿದ್ದು ಕಣ್ಲಾ. ಬೆಂಕಿ ಬಿದ್ದು ಉಣ್ಣಾಕಾಗ್ಲಿಲ್ಲ ಅವ್ರಿಗೆ. ನಿನ್ನ ಅಣ್ಣನ ಮಗಳ್ನ ಆ ರಾಗಿನೇ ಎತ್ತಿ ಇಡ್ಕಂತು. ಅದ್ಕೆ ಆರೆ ಆಕಂಗಿದ್ರೆ ಮೊದ್ಲು ನನ್ನ ಎಬ್ಸು."

ತಾಯಿಯ ಮೈ ಮುಟ್ಟಿ ಎಬ್ಬಿಸಲು ಚಿಕ್ಕಪ್ಪನ ಕೈ ಬರಲಿಲ್ಲ. ಹಾರೆಯನ್ನು ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಉಳಿದವರೂ ಗೊಣಗುತ್ತ ಹೋದರು. ಆಮೇಲೆ ಎಷ್ಟೋ ದಿನ ಅಜ್ಜಿ ಬೆಳಿಗ್ಗೆ ಸೌದೆಯ ನೆಪದಲ್ಲಿ ಮೇಲೆ ಹೋಗಿ ಚಪ್ಪಡಿ ನೋಡಿಕೊಂಡು ಬರುತ್ತಿದ್ದಳು.

ನಮ್ಮ ಶಾಲೆಯ ಮೇಷ್ಟರು ಮೈಸೂರಿನ ಕಡೆಯವರು. ಅವರು ಯಾರಿಗೆ ಹೇಳಿದರೋ, ಶಿವರಾತ್ರಿಯ ಆಸುಪಾಸಿನಲ್ಲಿ ಇದ್ದಿಲ ಬಸ್ಸು ನಮ್ಮೂರ ಕವಲಿನಲ್ಲಿ ನಿಂತು, ಗುಡಾರ, ಗುದ್ದಲಿ, ಜರಡಿ, ಅಳತೆಯ ಕೋಲುಗಳನ್ನು ಇಳಿಸಿತು. ಜೊತೆಯಲ್ಲಿ ಸರ್ಕಾರದ ಕಡೆಯ ಒಬ್ಬ ಅಧಿಕಾರಿ. ದೊಡ್ಡ ಹ್ಯಾಟಿನ ಕೆಳಗೆ ಸಣ್ಣ ಮುಖ, ದಪ್ಪ ಕನ್ನಡಕ. ಅವರ ಹೆಸರು ಊರಿನವರ ಬಾಯಿಗೆ ಹತ್ತಲಿಲ್ಲ. ಅಗೆಯೋ ರಾಯರು ಎಂದೇ ಕರೆದರು.

ರಾಯರು ಬಂದ ಸಂಜೆ ನಾನೂ ದೇವಿಯೂ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ನೋಯುತ್ತಿದ್ದ ಪಾದ ವಾಸಿಯಾಗಿ, ನಾನು ಮತ್ತೆ ಆಟದಲ್ಲಿ ಕುಂಟಲು ಶುರುಮಾಡಿದ್ದೆ. ಅವರು ಹಾದುಹೋಗುತ್ತಿದ್ದವರು ನಿಂತರು. ಆಟ ಮುಗಿಯುವವರೆಗೂ ಕಾದರು. ಆಮೇಲೆ ನಮ್ಮೆದುರು ಕುಕ್ಕರಗಾಲಿನಲ್ಲಿ ಕೂತು ನನ್ನ ಬಿಲ್ಲೆಯನ್ನು ಕೇಳಿ ಪಡೆದು, ಉಗುಳು ಹಚ್ಚಿ ಒರೆಸಿ, ಎರಡೂ ಮೈ ನೋಡಿದರು. ಇಂಥದು ಇನ್ನೂ ಇದೆಯೇ ಎಂದರು. ನಾವು ಮನೆಗೆ ಓಡಿ ಲಂಗದ ತುಂಬ ತಂದು ಸುರಿದೆವು. ರಾಯರು ಒಂದೊಂದನ್ನೇ ತೆಗೆದು ಬೇರೆ ಬೇರೆ ಗುಪ್ಪೆ ಮಾಡತೊಡಗಿದರು. ಕತ್ತಲು ಕವಿಯುವವರೆಗೆ ಎದ್ದೇಳಲಿಲ್ಲ. ನಾವು ಕಾಲಿನಲ್ಲಿ ಒದ್ದು ಆಡುತ್ತಿದ್ದ ಆ ಚೂರುಗಳನ್ನು ಅವರು ಎರಡೂ ಕೈಯಲ್ಲಿ, ಮೊಟ್ಟೆ ಹಿಡಿಯುವ ಹಾಗೆ ಹಿಡಿಯುತ್ತಿದ್ದರು. ಅವತ್ತಿನಿಂದ ನಮಗೂ ಅವುಗಳ ಮೇಲೆ ಕುಂಟಲು ಮನಸ್ಸಾಗಲಿಲ್ಲ.

ಅಗೆತ ನಡೆಯಿತು. ಅವ್ವನೂ ಊರಿನ ಹೆಂಗಸರೂ ಮಣ್ಣಿನ ಮಂಕರಿ ಹೊತ್ತರು, ಚಿಕ್ಕಪ್ಪ ಗುದ್ದಲಿ ಹಿಡಿದ. ಹಗೇವಿನ ಪಕ್ಕದಲ್ಲೇ ನೀಟಾಗಿ ಕಂದಕ ಕಡಿದರು. ಒಂದು ದಿನ ರಾಯರು ಶಾಲೆಯ ಮಕ್ಕಳನ್ನೆಲ್ಲ ಕರೆಸಿ ಕಂದಕದ ಗೋಡೆ ತೋರಿಸಿದರು. ಮಣ್ಣು ಬಣ್ಣಬಣ್ಣದ ಪಟ್ಟೆಯಾಗಿ ಒಂದರ ಮೇಲೊಂದು ಮಲಗಿತ್ತು. ಮೇಲೆ ನಾವು ಓಡಾಡುವ ಹುಲ್ಲುಮಣ್ಣು. ಅದರ ಕೆಳಗೆ ಕಲ್ಲುಚಕ್ಕೆ, ಗಾರೆ. ಅದು ನಿಮ್ಮ ಪಾಳೇಗಾರ ಎಂದರು ರಾಯರು. ಪಾಳೇಗಾರ ಅಷ್ಟು ಮೇಲೆ, ನನ್ನ ಕತ್ತಿನ ಮಟ್ಟದಲ್ಲೇ ಮುಗಿದುಹೋದ. ಅವನ ಕೆಳಗೆ ದೊಡ್ಡ ಇಟ್ಟಿಗೆಯವರು. ಅವರ ಕೆಳಗೆ ಬೂದಿಯ ಕಪ್ಪು ಪಟ್ಟೆ, ಒಂದು ಗೇಣು ದಪ್ಪ, ಕಂದಕದ ಈ ತುದಿಯಿಂದ ಆ ತುದಿಯವರೆಗೆ. ಇಡೀ ಊರೇ ಸುಟ್ಟಿದ್ದು ಎಂದರು. ನಮ್ಮ ಹಗೇವು ಆ ಬೂದಿಯ ಕಾಲದ್ದು. ಬೂದಿಯ ಕೆಳಗೂ ಮನೆಯ ನೆಲ ಇತ್ತು, ಸಾರಿಸಿದ ನೆಲ. ಅದರ ಕೆಳಗೆ ಇನ್ನೊಂದು.

ಇವರೆಲ್ಲ ಎಲ್ಲಿಗೆ ಹೋದರು ಎಂದು ದೇವಿ ಕೇಳಿದಳು. ಗೊತ್ತಿಲ್ಲ ಮಗು ಎಂದರು ರಾಯರು. ಅಷ್ಟು ಓದಿದವರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತು ಬೆಟ್ಟ ಇಳಿಯುವಾಗ ಹೆಜ್ಜೆ ಊರಲು ಅಂಜಿಕೆಯಾಯಿತು. ಎಲ್ಲಿ ಕಾಲಿಟ್ಟರೂ ಯಾರದೋ ಮನೆಯ ಮೇಲೆ ಇಟ್ಟ ಹಾಗೆ.

ಹಗೇವಿನ ಬಾಯನ್ನು ರಾಯರು ಕೊನೆಗೆ ತೆಗೆಸಿದರು. ತಾವು ಇಳಿಯುವ ಮುಂಚೆ ನನ್ನನ್ನು ಕೂರಿಸಿಕೊಂಡು, ಒಳಗೆ ಏನೇನು ಕಂಡೆ ಎಂದು ಕೇಳಿದರು. ಅವತ್ತು ಅಜ್ಜಿಗೆ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಏಣಿ ಬಿಡಿಸಿ ಇಳಿದು ಬಹಳ ಹೊತ್ತು ಒಳಗಿದ್ದರು. ಮೇಲೆ ಬಂದವರು ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಅಜ್ಜಿಯನ್ನು ಕರೆದು, "ಚಪ್ಪಡಿ ಕಾದವರು ನೀವಂತಲ್ಲ ತಾಯಿ. ಇಳಿದು ನೋಡ್ತೀರಾ?" ಎಂದರು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಇಳಿದಳು. ಹಿಂದೆಯೇ ನಾನು. ಒಳಗೆ ಎರಡು ಲಾಟೀನು ಉರಿಯುತ್ತಿದ್ದವು. ಆ ದಿನ ನಾನು ಕೈಯಲ್ಲಿ ಮುಟ್ಟಿ ತಿಳಿದದ್ದೆಲ್ಲ ಈಗ ಕಣ್ಣಿಗೆ ಬಂತು. ಹಸಿ ಮಣ್ಣಿನ ಗೋಡೆ ಬೆಂಕಿಯಲ್ಲಿ ಮಡಕೆಯ ಹಾಗೆ ಬೆಂದುಹೋದದ್ದರಿಂದಲೇ ಬೆರಳ ಗುರುತು ಉಳಿದಿದೆ ಎಂದು ರಾಯರು ಹೇಳಿದರು. ಸುತ್ತಲೂ ನೂರಾರು ಗೀರು, ಕೈ ಎಟುಕುವಷ್ಟು ಎತ್ತರದವರೆಗೆ ದೊಡ್ಡವು, ಕೆಳಗಡೆ ಕೆಲವು ಸಣ್ಣವು. ಅಜ್ಜಿ ಗೋಡೆಗೆ ಮುಖ ಹತ್ತಿರ ಮಾಡಿಕೊಂಡು ಸುತ್ತು ಬಂದಳು. ಒಂದು ಕಡೆ ನಿಂತಳು. ಅಲ್ಲಿ, ಬೆರಳ ಗೀರಿನ ಕೆಳಗೆ, ಮಣಿಕಟ್ಟು ಒತ್ತಿದ ಕಡೆ, ಒಂದರ ಪಕ್ಕ ಒಂದು ಬಾಗಿದ ಸಣ್ಣ ಸಣ್ಣ ಗೆರೆ.

ಅದೇನೆಂದು ನನಗೆ ತಿಳಿಯಲಿಲ್ಲ. ಅಜ್ಜಿಗೆ ತಿಳಿಯಿತು. ತನ್ನ ಬರಿಯ ಮಣಿಕಟ್ಟನ್ನು ಆ ಗೆರೆಗಳ ಮೇಲೆ ಮೆಲ್ಲಗೆ ಇಟ್ಟಳು.

"ಬಳೆ," ಎಂದಳು. "ಮಣ್ ಮೆತ್ತುವಾಗ್ಲೂ ತೆಗ್ದಿಲ್ಲ ನೋಡು ಮಗಾ. ಹೊಸ ಮದ್ವೆಯೋಳು ಇರ್ಬೇಕು."

ರಾಯರು ಲಾಟೀನು ಎತ್ತಿ ಹಿಡಿದರು. ನಾವು ಮೂವರೂ ಹಾಗೇ ನಿಂತಿದ್ದೆವು. ಸೀದ ರಾಗಿಯ ಮೇಲೆ, ಆ ಹುಡುಗಿಯ ಕೈ ಹತ್ತಿರ. ದೇವಸ್ಥಾನದ ಗರ್ಭಗುಡಿಯ ಮುಂದೆ ನಾನು ಎಷ್ಟೋ ಸಲ ಕೈಮುಗಿದು ನಿಂತಿದ್ದೇನೆ. ಆ ಹುಡುಗಿಯಷ್ಟು ಹತ್ತಿರ ಅಲ್ಲಿ ಯಾರೂ ನನಗೆ ಯಾವತ್ತೂ ಬಂದಿಲ್ಲ.

ಯುಗಾದಿ ಹತ್ತಿರವಾದಾಗ ರಾಯರು ಗುಡಾರ ಕೀಳಿಸಿದರು. ಕಾಳನ್ನು ಒಂದು ತಗಡಿನ ಡಬ್ಬಿಗೆ ತುಂಬಿಕೊಂಡರು. ರಾಗಿಯ ಹಾಗೇ ಕಾಣುತ್ತದೆ, ಪರೀಕ್ಷೆ ಮಾಡಿಸದೆ ಖಂಡಿತ ಹೇಳಲಾರೆ ಎಂದರು. ಗೋಡೆ ಮುಟ್ಟದೆ ಹಗೇವು ಮುಚ್ಚಿಸುವ ದಿನ ಅಜ್ಜಿ ತಲೆಯ ಮೇಲೆ ಕುಕ್ಕೆ ಹೊತ್ತು ಬಂದಳು. ಬೀಜಕ್ಕೆಂದು ಎತ್ತಿಟ್ಟಿದ್ದರಲ್ಲಿ ಬೀಸಿದ ರಾಗಿಯ ಮುದ್ದೆ, ಹಿದುಕಿದ ಅವರೆಬೇಳೆಯ ಸಾರು. ಮುತ್ತುಗದ ಎಲೆ ಹಾಸಿ ಹಗೇವಿನ ಬಾಯಿಗೆ ಎಡೆ ಇಟ್ಟಳು, ಹಿರಿಯರ ಹಬ್ಬದಲ್ಲಿ ಇಡುವ ಹಾಗೆ. ಇವರು ನಿಮ್ಮ ಕುಲದವರೆಂದು ಹೇಗೆ ಹೇಳುತ್ತೀರಿ ಎಂದು ರಾಯರು ಕೇಳಿದರು. ಅಣಕಿಸಲು ಅಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು.

"ಕುಲ ನಂಗೇನ್ ಗೊತ್ತು ಸ್ವಾಮಿ," ಎಂದಳು ಅಜ್ಜಿ. "ರಾಗಿ ಉಂಡೋರು. ನಮ್ಮೋರೆಯ."

ಉಳಿದ ಮುದ್ದೆಯನ್ನು ರಾಯರು, ಚಿಕ್ಕಪ್ಪ, ಮಂಕರಿ ಹೊತ್ತ ಹೆಂಗಸರು, ನಾನು, ದೇವಿ ಅಲ್ಲೇ ಬಯಲಿನಲ್ಲಿ ಸುತ್ತ ಕೂತು ಉಂಡೆವು. ರಾಯರಿಗೆ ಮುದ್ದೆ ಮುರಿಯಲು ಬರುತ್ತಿರಲಿಲ್ಲ, ಚಿಕ್ಕಪ್ಪ ತೋರಿಸಿಕೊಟ್ಟ. ಊಟವಾದ ಮೇಲೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರು. ಮುಂದಿನ ಬೇಸಿಗೆಗೆ ಬರುತ್ತೇನೆ ಎಂದು ಹೇಳಿ ರಾಯರು ಬಸ್ಸು ಹತ್ತಿದರು. ಬರಲಿಲ್ಲ. ಯುದ್ಧ ಮುಗಿಯಿತು, ಕಾಲ ಬದಲಾಯಿತು. ಸ್ವಾತಂತ್ರ್ಯ ಬಂದ ವರ್ಷ ಊರಿನ ಹುಡುಗರು ದುರ್ಗದ ಬುರುಜಿನ ಮೇಲೆ ಬಾವುಟ ಏರಿಸಿದರು. ಅಜ್ಜಿ ಅದನ್ನು ಜಗಲಿಯಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಆ ಚಳಿಗಾಲ ಕಳೆಯಲಿಲ್ಲ ಅವಳಿಗೆ.

ನಾನು ಓದಿ ಟೀಚರಾದೆ, ಮಂಡ್ಯದಲ್ಲೇ ನೆಲೆನಿಂತೆ. ಎಷ್ಟೋ ವರ್ಷದ ಮೇಲೆ ಮೈಸೂರಿಗೆ ಹೋದಾಗ ಆ ತಗಡಿನ ಡಬ್ಬಿಯ ಬಗ್ಗೆ ಅಲ್ಲಿ ಇಲ್ಲಿ ವಿಚಾರಿಸಿದೆ. ರಾಯರನ್ನು ಬಲ್ಲವರು ಯಾರೂ ಸಿಗಲಿಲ್ಲ. ಕಾಳು ರಾಗಿಯೇ ಹೌದೋ ಅಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ದುರ್ಗಕ್ಕೆ ಕಲ್ಲು ಒಡೆಯುವವರು ಬಂದರು. ಮೊದಮೊದಲು ಮನೆಗಳ ತಳಪಾಯಕ್ಕೆ, ಸುತ್ತಿಗೆ ಉಳಿಯಲ್ಲಿ. ಆಮೇಲೆ ಸಿಡಿಮದ್ದು ಬಂತು, ಜಲ್ಲಿ ಮಾಡುವ ಯಂತ್ರ ಬಂತು. ನಮ್ಮೂರಿನವರಿಗೂ ಅಲ್ಲಿ ಕೂಲಿ ಸಿಕ್ಕಿತು, ಲಾರಿ ಓಡಿಸಿದವರಲ್ಲಿ ನಮ್ಮ ಮನೆಯವರೂ ಇದ್ದರು. ಬಾಗಿಲು, ಬುರುಜು, ಕೊಳ, ಬಯಲು ಯಾವುದು ಯಾವ ವರ್ಷ ಹೋಯಿತೆಂದು ಯಾರೂ ಗಮನಿಸಿಟ್ಟಿಲ್ಲ. ಮದ್ದೂರಿನ ಎಷ್ಟೋ ರಸ್ತೆಗಳ ಕೆಳಗೆ ದುರ್ಗ ಹರಡಿಕೊಂಡಿದೆ. ಅವುಗಳ ಮೇಲೆ ಹೋಗುವಾಗಲೂ ನನಗೆ ಅದೇ ಅಂಜಿಕೆ.

ಹೋದ ವರ್ಷ ಒಂದು ಮದುವೆಗೆಂದು ಊರಿಗೆ ಹೋಗಿ ತಮ್ಮನ ಮನೆಯ ಜಗಲಿಯಲ್ಲಿ ಮಲಗಿದ್ದೆ. ಮುಖದ ಮೇಲೆ ಬಿಸಿಲು ಬಿದ್ದು ದಡಬಡಿಸಿ ಎದ್ದು, ಇಷ್ಟು ಹೊತ್ತು ಮಲಗಿಬಿಟ್ಟೆನಲ್ಲ, ಎಬ್ಬಿಸಬಾರದಿತ್ತೇ ಎಂದು ತಮ್ಮನ ಹೆಂಡತಿಯನ್ನು ಕೇಳಿದೆ. ಅವಳು ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ವೊತ್ತಾಗಿಲ್ಲ ಕಣತ್ತಿಗೆ," ಎಂದಳು. "ಈಗ ನಮ್ಮೂರ್ಗೆ ಬಿರ್ನೆ ಬಿಸ್ಲು ಬತ್ತದೆ."

ನಾನು ಎದ್ದು ನಿಂತು ನೋಡಿದೆ. ನಾವು ಚಿಕ್ಕವರಿದ್ದಾಗ ಸೂರ್ಯ ದುರ್ಗದ ಬೆಟ್ಟವನ್ನು ಹತ್ತಿ ಇಳಿದು ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಹೊಲಕ್ಕೆ ಹೋದವರು ಅರ್ಧ ಕೆಲಸ ಮುಗಿಸಿರುತ್ತಿದ್ದರು. ಈಗ ಅವನಿಗೆ ಅಡ್ಡ ನಿಲ್ಲುವಂಥದು ಏನೂ ಉಳಿದಿಲ್ಲ.